ಬೆವರಿಗೊಂದು ಮದ್ದು, ಬೊಜ್ಜಿಗೊಂದು ಮದ್ದು: ಐವತ್ತರ ಹತ್ತಿರ ಬಂದವರು ಯಾವುದನ್ನು ಆರಿಸಬೇಕು?

ಹೋದ ಡಿಸೆಂಬರಿನಲ್ಲಿ ಅಡಿಕೆ ಸುಲಿಯಲು ಕೂತಾಗ ತೀರ್ಥಹಳ್ಳಿ ಕಡೆ ಚಳಿ ಜೋರಾಗಿಯೇ ಇತ್ತು. ಎಲ್ಲರೂ ಸ್ವೆಟರ್ ಹಾಕಿಕೊಂಡು ಮೆಟ್ಟುಗತ್ತಿ ಮುಂದೆ ಕೂತಿದ್ದರೆ ನಾನೊಬ್ಬಳು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದೆ. ಎದೆಯಿಂದ ಹಬೆ ಎದ್ದ ಹಾಗೆ ಎದ್ದು ಕುತ್ತಿಗೆವರೆಗೆ ಬೆವರು. ಎರಡು ನಿಮಿಷಕ್ಕೆ ಅದು ಆರಿತು, ಆಮೇಲೆ ಅದೇ ಮೈ ಗಡಗಡ ನಡುಗಿತು. ವಾರಗಿತ್ತಿ ನನ್ನ ಕಡೆ ನೋಡಿ, "ನಿಂಗೂ ಶುರುವಾಯ್ತಾ?" ಅಂದರು. ನಾನು ಅವರನ್ನು ಅಕ್ಕ ಅಂತಲೇ ಕರೆಯುವುದು. ಅವರಿಗೆ 56, ನನಗೆ 49.

ಅಕ್ಕನ ತೊಂದರೆ ಬೇರೆ. ಬೆವರು, ನಿದ್ದೆಗೇಡು ಎಲ್ಲ ಅವರಿಗೆ ಬಂದು ಹೋಗಿ ವರ್ಷಗಳಾದವು. ಆದರೆ ಆ ಹೊತ್ತಿನಿಂದ ತೂಕ ಹನ್ನೆರಡು ಕೆಜಿ ಏರಿದೆ. ಸಕ್ಕರೆ ಇನ್ನೂ ಕಾಯಿಲೆ ಅನ್ನುವ ಮಟ್ಟಕ್ಕೆ ಬಂದಿಲ್ಲ, ಗಡಿಯಲ್ಲಿ ನಿಂತಿದೆ.

ಅವತ್ತು ಸುಲಿತಕ್ಕೆ ಬಂದವರೆಲ್ಲ ಸಲಹೆ ಕೊಟ್ಟರು. ಒಬ್ಬರು, ಹಾರ್ಮೋನ್ ಮಾತ್ರೆ ತಗೊಂಡರೆ ತೂಕ ತಾನಾಗೇ ಇಳಿಯುತ್ತೆ ಅಂದರು. ಇನ್ನೊಬ್ಬರು, ಹಾರ್ಮೋನ್ ಅಂದರೆ ಕ್ಯಾನ್ಸರ್, ಅದರ ಬದಲು ವಾರಕ್ಕೊಂದು ಇಂಜೆಕ್ಷನ್ ಬಂದಿದೆಯಂತೆ, ಅದನ್ನೇ ಚುಚ್ಚಿಸಿಕೊಳ್ಳಿ ಅಂದರು. ಎರಡೂ ತಪ್ಪು. ಅದು ತಪ್ಪು ಅಂತ ಗೊತ್ತಾಗಲು ನಮಗೆ ನಾಲ್ಕು ತಿಂಗಳು, ಶಿವಮೊಗ್ಗಕ್ಕೆ ಹತ್ತಾರು ಓಡಾಟ, ಜೊತೆಗೆ ನಮ್ಮನೆಯವರ ಒಂದಿಷ್ಟು ದುಡ್ಡು ಬೇಕಾಯಿತು. ನಾನು ಡಾಕ್ಟರಲ್ಲ, ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಓದಿದ್ದು, ಕೇಳಿದ್ದು, ಅನುಭವಿಸಿದ್ದು ಸೇರಿಸಿ ಇಲ್ಲಿ ಬರೆದಿದ್ದೇನೆ.

ಮೊದಲು ಕಾಯಿಲೆ ಯಾವುದು, ಎತ್ತು ಯಾವುದು ನೋಡಿ

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಐವತ್ತರ ಹೊತ್ತಿಗೆ ಹೆಂಗಸರ ಮೈಯಲ್ಲಿ ಎರಡು ಬದಲಾವಣೆ ಒಟ್ಟಿಗೇ ಆಗುವುದರಿಂದ ನಾವು ಮಾಡುವುದೂ ಅದನ್ನೇ.

ಒಂದು, ಮುಟ್ಟು ನಿಲ್ಲುವುದು. ನಮ್ಮ ದೇಶದ ಹೆಂಗಸರಿಗೆ ಇದು ಸಾಧಾರಣವಾಗಿ 46-47ಕ್ಕೇ ಬರುತ್ತದೆ. ಪಾಶ್ಚಾತ್ಯ ದೇಶಗಳಲ್ಲಿ 51ರ ಸುಮಾರಿಗೆ. ಹನ್ನೆರಡು ತಿಂಗಳು ಪೂರ್ತಿ ಮುಟ್ಟಾಗದಿದ್ದರೆ ನಿಂತಿತು ಅಂತ ಲೆಕ್ಕ. 45 ದಾಟಿದವರಿಗೆ ಇದನ್ನು ಖಚಿತ ಮಾಡಿಕೊಳ್ಳಲು ಸಾಮಾನ್ಯವಾಗಿ ಹಾರ್ಮೋನ್ ರಕ್ತಪರೀಕ್ಷೆ ಬೇಕಾಗುವುದಿಲ್ಲ, ಲಕ್ಷಣ ಸಾಕು. ಈಸ್ಟ್ರೋಜನ್ ಅನ್ನುವ ಹೆಣ್ಣು ಹಾರ್ಮೋನ್ ಕಡಿಮೆಯಾದಾಗ ಮೈ ಬಿಸಿಯೇರುತ್ತದೆ, ರಾತ್ರಿ ಬೆವರಿ ಎಚ್ಚರವಾಗುತ್ತದೆ, ಕೆಳಗೆ ಒಣಗಿದ ಹಾಗಾಗಿ ಉರಿ ಬರುತ್ತದೆ, ಮೂಳೆ ಸವೆಯುವುದು ಜೋರಾಗುತ್ತದೆ.

ಇನ್ನೊಂದು ತೂಕ. ಇದರ ದೊಡ್ಡ ಪಾಲು ವಯಸ್ಸಿನದ್ದು. ಮೂವತ್ತು ದಾಟಿದ ಮೇಲೆ ಹತ್ತು ವರ್ಷಕ್ಕೆ ನೂರಕ್ಕೆ 3ರಿಂದ 8ರಷ್ಟು ಸ್ನಾಯು ಕರಗುತ್ತಾ ಹೋಗುತ್ತದೆ. ಸ್ನಾಯು ಕಡಿಮೆಯಾದರೆ ಮೈ ಸುಡುವ ಶಕ್ತಿಯೂ ಕಡಿಮೆ. ಊಟ ಮಾತ್ರ ಇಪ್ಪತ್ತೈದರಲ್ಲಿ ಎಷ್ಟಿತ್ತೋ ಅಷ್ಟೇ. ಈಸ್ಟ್ರೋಜನ್ ಇಳಿದಿದ್ದರ ಕೆಲಸ ಮುಖ್ಯವಾಗಿ ಕೊಬ್ಬಿನ ಜಾಗ ಬದಲಿಸುವುದು. ತೊಡೆ, ಸೊಂಟದಲ್ಲಿ ಸೇರುತ್ತಿದ್ದದ್ದು ಹೊಟ್ಟೆಗೆ ಬರುತ್ತದೆ. ಅದಕ್ಕೇ ತಕ್ಕಡಿಗಿಂತ ಟೇಪು ಸತ್ಯ ಹೇಳುತ್ತದೆ. ನಮ್ಮವರಿಗೆ ಹೆಂಗಸರ ಸೊಂಟ 80 ಸೆಂಟಿಮೀಟರ್, ಗಂಡಸರದ್ದು 90 ದಾಟಿದರೆ ಎಚ್ಚರ. ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಅಳತೆ, ಕೂಡ ನಮಗೆ ಬೇರೆ: 23 ದಾಟಿದರೆ ತೂಕ ಹೆಚ್ಚು, 25 ದಾಟಿದರೆ ಬೊಜ್ಜು. ಅಕ್ಕನ ಎತ್ತರ 154 ಸೆಂಟಿಮೀಟರ್, ತೂಕ 68 ಕೆಜಿ. ಬಿಎಂಐ 28.7 ಬರುತ್ತದೆ.

ಇದರ ಜೊತೆಗೆ ಥೈರಾಯ್ಡ್ ಮತ್ತು ಎಚ್‌ಬಿಎ1ಸಿ (ಹಿಂದಿನ ಮೂರು ತಿಂಗಳ ಸಕ್ಕರೆಯ ಲೆಕ್ಕ) ಪರೀಕ್ಷೆ ಮಾಡಿಸಿ. ಥೈರಾಯ್ಡ್ ಕಡಿಮೆ ಇದ್ದರೆ ಸುಸ್ತು, ಮಲಬದ್ಧತೆ, ಸ್ವಲ್ಪ ತೂಕ ಬರುವುದು ಹೌದು. ಹದಿನೈದು ಕೆಜಿ ಏರಿದ್ದಕ್ಕೆಲ್ಲ ಥೈರಾಯ್ಡನ್ನೇ ಬೈಯಬೇಡಿ, ಸಾಮಾನ್ಯವಾಗಿ ಅದರ ಪಾಲು ಕೆಲವೇ ಕೆಜಿ. ಮಾತ್ರೆ ಶುರುವಾಗಿದ್ದರೆ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ನೀರಿನ ಜೊತೆ ನುಂಗಿ, ಅರ್ಧ ಗಂಟೆಯಿಂದ ಒಂದು ಗಂಟೆ ಬಿಟ್ಟು ಕಾಫಿ ಕುಡಿಯಿರಿ. ನಮ್ಮ ಕಡೆ ಎದ್ದ ಕೂಡಲೇ ಕಾಫಿ ಬೇಕಲ್ಲ, ಅದೇ ಕಷ್ಟ. ಮಾತ್ರೆ, ಕಾಫಿ ಒಟ್ಟಿಗೇ ಹೋದರೆ ಮಾತ್ರೆ ಸರಿಯಾಗಿ ಹಿಡಿಯುವುದಿಲ್ಲ. ನಮ್ಮ ಅತ್ತೆಗೆ ವರ್ಷಗಟ್ಟಲೆ ಡೋಸ್ ಏರಿಸುತ್ತಾ ಹೋಗಿದ್ದು ಇದೇ ಕಾರಣಕ್ಕೆ ಅಂತ ಆಮೇಲೆ ತಿಳಿಯಿತು.

ಹಾರ್ಮೋನ್ ಚಿಕಿತ್ಸೆ: ಯಾರಿಗೆ, ಯಾವ ರೂಪದಲ್ಲಿ

ಕಡಿಮೆಯಾದ ಈಸ್ಟ್ರೋಜನ್ನನ್ನು ಹೊರಗಿನಿಂದ ಕೊಡುವುದೇ ಈ ಚಿಕಿತ್ಸೆ. ಮೈ ಬಿಸಿಯೇರುವುದಕ್ಕೆ ಇದಕ್ಕಿಂತ ಒಳ್ಳೆಯ ಮದ್ದು ಇನ್ನೂ ಇಲ್ಲ. ಬೆವರುವ ಸಲಗಳು ಮುಕ್ಕಾಲು ಪಾಲು ಕಡಿಮೆಯಾಗುತ್ತವೆ. ಮೂಳೆ ಸವೆತವೂ ನಿಧಾನವಾಗುತ್ತದೆ. ತೂಕ ಮಾತ್ರ ಇದರಿಂದ ಇಳಿಯುವುದಿಲ್ಲ. ಏರುವುದೂ ಇಲ್ಲ, ಅದೊಂದು ಹಳೇ ಅಪವಾದ. ಹೊಟ್ಟೆಗೆ ಕೊಬ್ಬು ಸೇರುವುದನ್ನು ಸ್ವಲ್ಪ ತಡೆಯಬಹುದು, ಅಷ್ಟೇ. ರಾತ್ರಿ ನಿದ್ದೆ ಬಂದರೆ ಬೆಳಗ್ಗೆ ಎದ್ದು ನಡೆಯಲು ಹುರುಪಿರುತ್ತದೆ, ಆ ಲಾಭ ಬೇರೆ. ತೂಕ ಇಳಿಸಲು ಅಂತಲೇ ಯಾರಾದರೂ ಇದನ್ನು ಬರೆದುಕೊಟ್ಟರೆ ಇನ್ನೊಬ್ಬ ಡಾಕ್ಟರನ್ನು ಕೇಳಿ.

ಕ್ಯಾನ್ಸರ್ ಭಯ ಎಲ್ಲಿಂದ ಬಂತು? 2002ರಲ್ಲಿ ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಅನ್ನುವ ದೊಡ್ಡ ಅಧ್ಯಯನದ ಒಂದು ಭಾಗವನ್ನು ಅರ್ಧಕ್ಕೇ ನಿಲ್ಲಿಸಿದರು. 16,608 ಹೆಂಗಸರಿದ್ದ ಭಾಗ ಅದು. ಈಸ್ಟ್ರೋಜನ್ ಜೊತೆ ಪ್ರೊಜೆಸ್ಟಿನ್ (ಪ್ರೊಜೆಸ್ಟರಾನ್ ಹಾರ್ಮೋನಿನ ಕೃತಕ ರೂಪ) ಮಾತ್ರೆ ನುಂಗಿದವರಲ್ಲಿ, 10,000 ಜನಕ್ಕೆ ವರ್ಷಕ್ಕೆ 8 ಸ್ತನ ಕ್ಯಾನ್ಸರ್ ಜಾಸ್ತಿ ಕಂಡಿತು. ಪಾರ್ಶ್ವವಾಯು 8 ಜಾಸ್ತಿ, ಸೊಂಟದ ಮೂಳೆ ಮುರಿತ 5 ಕಡಿಮೆ. ಸುದ್ದಿ ಊರೂರು ಸುತ್ತಿ ಬರುವ ಹೊತ್ತಿಗೆ ಆ "10,000ಕ್ಕೆ 8" ಬಿದ್ದುಹೋಗಿ "ಹಾರ್ಮೋನ್ ಅಂದರೆ ಕ್ಯಾನ್ಸರ್" ಅನ್ನುವುದಷ್ಟೇ ಉಳಿಯಿತು. ಇನ್ನೊಂದು ವಿಷಯವೂ ಬಿದ್ದುಹೋಯಿತು. ಆ ಹೆಂಗಸರ ಸರಾಸರಿ ವಯಸ್ಸು 63. ಮುಟ್ಟು ನಿಂತು ಹತ್ತು ವರ್ಷ ಕಳೆದವರೇ ಹೆಚ್ಚು. ಗರ್ಭಕೋಶ ತೆಗೆಸಿಕೊಂಡು ಬರೀ ಈಸ್ಟ್ರೋಜನ್ ನುಂಗಿದವರ ಗುಂಪಿನಲ್ಲಿ ಸ್ತನ ಕ್ಯಾನ್ಸರ್ ಏರಲೇ ಇಲ್ಲ.

ಈಗಿನ ಲೆಕ್ಕ ಹೀಗಿದೆ. ವಯಸ್ಸು 60ರ ಒಳಗಿದ್ದು, ಅಥವಾ ಮುಟ್ಟು ನಿಂತು ಹತ್ತು ವರ್ಷದೊಳಗಿದ್ದು, ಬೇರೆ ಅಡ್ಡಿ ಇಲ್ಲದೆ ತೊಂದರೆ ಪಡುತ್ತಿರುವವರಿಗೆ ಸಾಮಾನ್ಯವಾಗಿ ಲಾಭವೇ ಜಾಸ್ತಿ. 2025ರ ನವೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಈ ಔಷಧಗಳ ಲೇಬಲ್ಲಿನಲ್ಲಿರುವ ಕಪ್ಪು ಚೌಕಟ್ಟಿನ ಎಚ್ಚರಿಕೆಯಿಂದ ಹೃದಯ ಮತ್ತು ಸ್ತನ ಕ್ಯಾನ್ಸರಿನ ಸಾಲುಗಳನ್ನು ತೆಗೆಸುವುದಾಗಿ ಹೇಳಿತು. ಅದರ ಅರ್ಥ ಅಪಾಯ ಸೊನ್ನೆ ಅಂತಲ್ಲ. ಸ್ತನ ಕ್ಯಾನ್ಸರ್ ಆದವರು, ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದವರು, ಹೃದಯಾಘಾತ ಅಥವಾ ಪಾರ್ಶ್ವವಾಯು ಆದವರು, ಲಿವರ್ ಕೆಟ್ಟವರು, ಕಾರಣ ತಿಳಿಯದ ರಕ್ತಸ್ರಾವ ಇರುವವರು ಇದರ ಹತ್ತಿರ ಹೋಗುವ ಹಾಗಿಲ್ಲ.

ಯಾವ ರೂಪ ಅನ್ನುವುದರಲ್ಲಿ ನಿಜವಾದ ಆಯ್ಕೆ ಇದೆ. ಗರ್ಭಕೋಶ ಇರುವವರು ಬರೀ ಈಸ್ಟ್ರೋಜನ್ ತೆಗೆದುಕೊಂಡರೆ ಗರ್ಭಕೋಶದ ಒಳಪದರ ಬೆಳೆದು ಕ್ಯಾನ್ಸರ್ ಅಪಾಯ ಬರುತ್ತದೆ. ಅವರಿಗೆ ಪ್ರೊಜೆಸ್ಟರಾನ್ ಜೊತೆಗಿರಲೇಬೇಕು. ಇದರಲ್ಲಿ ರಾಜಿ ಇಲ್ಲ. ಗರ್ಭಕೋಶ ತೆಗೆಸಿಕೊಂಡವರಿಗೆ ಸಾಮಾನ್ಯವಾಗಿ ಬರೀ ಈಸ್ಟ್ರೋಜನ್ ಸಾಕು. ನಮ್ಮೂರುಗಳಲ್ಲಿ ಮೂವತ್ತೈದು, ನಲವತ್ತಕ್ಕೇ "ಚೀಲ ತೆಗೆಸಿದವರು" ಎಷ್ಟೋ ಜನ ಇದ್ದಾರೆ. ಅಂಡಾಶಯವನ್ನೂ ಜೊತೆಗೆ ತೆಗೆದಿದ್ದರೆ ಅವರಿಗೆ ಮುಟ್ಟು ನಿಲ್ಲುವ ತೊಂದರೆಯೆಲ್ಲ ಒಂದೇ ರಾತ್ರಿಯಲ್ಲಿ ಶುರುವಾಗುತ್ತದೆ, ಮೂಳೆಯೂ ಬೇಗ ಸವೆಯುತ್ತದೆ. ಹಾರ್ಮೋನ್ ಬೇರೆಯವರಿಗಿಂತ ಇವರಿಗೇ ಹೆಚ್ಚು ಬೇಕು. ಹಾಗಿದ್ದೂ ಕೇಳುವವರು ಕಡಿಮೆ. ಡಿಸ್‌ಚಾರ್ಜ್ ಚೀಟಿ ಹುಡುಕಿ ಏನೇನು ತೆಗೆದಿದ್ದಾರೆ ಅಂತ ಓದಿಸಿಕೊಳ್ಳಿ.

ಮಾತ್ರೆಯಾ, ಜೆಲ್ಲಾ? ಮಾತ್ರೆ ಅಗ್ಗ, ಸುಲಭವಾಗಿ ಸಿಗುತ್ತದೆ. ಆದರೆ ಅದು ಲಿವರ್ ದಾಟಿ ಹೋಗುವುದರಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಸ್ವಲ್ಪ ಏರುತ್ತದೆ. ಚರ್ಮಕ್ಕೆ ಹಚ್ಚುವ ಜೆಲ್ ಅಥವಾ ಅಂಟಿಸುವ ಪ್ಯಾಚಿನಲ್ಲಿ ಆ ಅಪಾಯ ಕಡಿಮೆ. ದಪ್ಪ ಇರುವವರಿಗೆ, ಬಿಪಿ ಇರುವವರಿಗೆ ಡಾಕ್ಟರುಗಳು ಜೆಲ್ ಕಡೆ ವಾಲುವುದು ಇದಕ್ಕೇ. ಪ್ಯಾಚ್ ಬಗ್ಗೆ ನನ್ನ ಒಂದು ತಕರಾರು: ನನ್ನ ಹಾಗೆ ಬೆವರುವವರಿಗೆ ಅದು ಅಂಟಿಕೊಂಡು ಕೂರುವುದೇ ಕಷ್ಟ. ನಾನು ಜೆಲ್ ಆರಿಸಿದೆ. ನಮ್ಮೂರಿನ ಮೆಡಿಕಲ್‌ನಲ್ಲಿ ಇರಲಿಲ್ಲ, ಶಿವಮೊಗ್ಗದಿಂದ ತರಿಸಿಕೊಡುತ್ತಾರೆ. ಹಚ್ಚಿಕೊಂಡ ಜಾಗ ಪೂರ್ತಿ ಆರುವವರೆಗೆ ಮಕ್ಕಳನ್ನು ಎತ್ತಿಕೊಳ್ಳಬಾರದು. ರಾತ್ರಿ ಮಲಗುವಾಗ ಪ್ರೊಜೆಸ್ಟರಾನ್ ಮಾತ್ರೆ. ಅದು ನಿದ್ದೆ ತರಿಸುತ್ತದೆ, ನನಗಂತೂ ವರವಾಯಿತು.

ಬೆವರು ಇಲ್ಲ, ಕೆಳಗೆ ಉರಿ, ಪದೇ ಪದೇ ಮೂತ್ರದ ಸೋಂಕು ಮಾತ್ರ ಅಂತಾದರೆ ಮೈಗೆಲ್ಲ ಹಾರ್ಮೋನ್ ಬೇಡ. ಒಳಗೆ ಹಚ್ಚುವ ಈಸ್ಟ್ರೋಜನ್ ಕ್ರೀಮ್ ಸಾಕು. ರಕ್ತಕ್ಕೆ ಸೇರುವುದು ಅತಿ ಕಡಿಮೆ, 65 ದಾಟಿದವರೂ ಬಳಸಬಹುದು. ನಾಚಿಕೆಯಿಂದ ಇದನ್ನು ಬಾಯಿ ಬಿಟ್ಟು ಹೇಳದೆ ವರ್ಷಗಟ್ಟಲೆ ಆ್ಯಂಟಿಬಯೋಟಿಕ್ ನುಂಗುವವರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಹಾರ್ಮೋನ್ ಬೇಡದವರಿಗೆ, ಕೂಡದವರಿಗೆ ಬೇರೆ ಮಾತ್ರೆಗಳಿವೆ. ಕಡಿಮೆ ಡೋಸಿನ ಪ್ಯಾರೊಕ್ಸೆಟಿನ್, ವೆನ್ಲಾಫ್ಯಾಕ್ಸಿನ್, ಗ್ಯಾಬಪೆಂಟಿನ್. ಬೆವರು ಇವುಗಳಿಂದಲೂ ಇಳಿಯುತ್ತದೆ, ಈಸ್ಟ್ರೋಜನ್ನಿನಷ್ಟಲ್ಲ. ಸ್ತನ ಕ್ಯಾನ್ಸರಿಗೆ ಟಾಮಾಕ್ಸಿಫೆನ್ ತೆಗೆದುಕೊಳ್ಳುತ್ತಿರುವವರಿಗೆ ಪ್ಯಾರೊಕ್ಸೆಟಿನ್ ಬೇಡ, ಅದು ಟಾಮಾಕ್ಸಿಫೆನ್ನಿನ ಕೆಲಸಕ್ಕೇ ಅಡ್ಡ ಬರುತ್ತದೆ.

ಇನ್ನೂ ಮುಟ್ಟು ಆಗೊಮ್ಮೆ ಈಗೊಮ್ಮೆ ಬರುತ್ತಿರುವವರಿಗೆ ಒಂದು ಮಾತು. ಈ ಹಾರ್ಮೋನ್ ಗರ್ಭ ನಿಲ್ಲುವುದನ್ನು ತಡೆಯುವುದಿಲ್ಲ. ಮುಟ್ಟು ಪೂರ್ತಿ ನಿಂತ ಮೇಲೆ ಮತ್ತೆ ರಕ್ತ ಕಂಡರೆ, ಒಂದು ಹನಿಯಾದರೂ, ತೋರಿಸಿಕೊಳ್ಳಲೇಬೇಕು.

ತೂಕಕ್ಕೆ: ತಟ್ಟೆ, ತೊಡೆ, ಸೂಜಿ

ಅಕ್ಕನಿಗೆ ಹಾರ್ಮೋನ್ ಬೇಕಿರಲಿಲ್ಲ. ಅವರ ಮುಂದಿದ್ದದ್ದು ಬೇರೆ ಪ್ರಶ್ನೆ: ಊಟ, ವ್ಯಾಯಾಮದಲ್ಲೇ ಇಳಿಸುವುದಾ, ಇಂಜೆಕ್ಷನ್ ತಗೊಳ್ಳುವುದಾ?

ಎಷ್ಟು ಇಳಿದರೆ ಲಾಭ ಅಂತ ಮೊದಲು ನೋಡೋಣ. ಅಮೆರಿಕದಲ್ಲಿ ಸಕ್ಕರೆ ಗಡಿಯಲ್ಲಿದ್ದವರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ತೂಕ ನೂರಕ್ಕೆ 7ರಷ್ಟು ಇಳಿಸುವುದು, ವಾರಕ್ಕೆ 150 ನಿಮಿಷ ನಡೆಯುವುದು, ಇಷ್ಟೇ ಗುರಿ. ಇದರಿಂದ ಮಧುಮೇಹ ಬರುವುದು 58%ರಷ್ಟು ಕಡಿಮೆಯಾಯಿತು. ಅದೇ ಅಧ್ಯಯನದಲ್ಲಿ ಮೆಟ್‌ಫಾರ್ಮಿನ್ ಮಾತ್ರೆ ನುಂಗಿದವರಲ್ಲಿ 31%. ಅಕ್ಕನ ಲೆಕ್ಕಕ್ಕೆ 7% ಅಂದರೆ ಐದು ಕೆಜಿಗಿಂತ ಕಡಿಮೆ. ಮದುವೆಯಾದಾಗಿನ ಸೀರೆ ಬ್ಲೌಸು ಹಿಡಿಸಬೇಕು ಅನ್ನುವ ಆಸೆ ಬೇರೆ, ಸಕ್ಕರೆ ಬರದಿರಲಿ ಅನ್ನುವ ಗುರಿ ಬೇರೆ.

ನಮ್ಮ ಮಲೆನಾಡಿನ ತಟ್ಟೆಯ ಕಷ್ಟ ಗೊತ್ತೇ ಇದೆ. ಬೆಳಗ್ಗೆ ಕಡುಬು, ಮಧ್ಯಾಹ್ನ ಅನ್ನ, ರಾತ್ರಿ ಅಕ್ಕಿ ರೊಟ್ಟಿ. ಮೂರು ಹೊತ್ತೂ ಅಕ್ಕಿಯೇ ವೇಷ ಬದಲಿಸಿ ಬರುತ್ತದೆ. ಅನ್ನ ಬಿಡಿ ಅಂತ ನಾನು ಹೇಳುವುದಿಲ್ಲ, ಬಿಟ್ಟವರು ಎರಡು ವಾರಕ್ಕೆ ಇಮ್ಮಡಿ ತಿನ್ನುವುದನ್ನು ನೋಡಿದ್ದೇನೆ. ಸಾರು, ಪಲ್ಯ, ಮೀನು ಮೊದಲು ಬಡಿಸಿಕೊಂಡು ಉಳಿದ ಜಾಗಕ್ಕೆ ಅನ್ನ ಹಾಕಿಕೊಳ್ಳಿ. ವಯಸ್ಸಾಗುತ್ತಿರುವವರಿಗೆ ದಿನಕ್ಕೆ ಪ್ರತಿ ಕೆಜಿ ತೂಕಕ್ಕೆ ಒಂದು ಗ್ರಾಂ, ಸಾಧ್ಯವಾದರೆ ಸ್ವಲ್ಪ ಹೆಚ್ಚು ಪ್ರೋಟೀನ್ ಬೇಕು. ಕಿಡ್ನಿ ತೊಂದರೆ ಇರುವವರು ಮಾತ್ರ ಕೇಳಿಕೊಂಡು ಮಾಡಿ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, 100 ಗ್ರಾಂ ಹುರುಳಿಕಾಳಿನಲ್ಲಿ ಸುಮಾರು 22 ಗ್ರಾಂ. ಹುರುಳಿ ಬೇಯಿಸಿ ಕಟ್ಟು ಮಾತ್ರ ಸಾರು ಮಾಡಿ ಕಾಳನ್ನು ಎಮ್ಮೆಗೆ ಇಡುವ ಪದ್ಧತಿ ನಮ್ಮನೆಯಲ್ಲೂ ಇತ್ತು. ಇಷ್ಟು ವರ್ಷ ಪ್ರೋಟೀನೆಲ್ಲ ಎಮ್ಮೆ ತಿಂದಿತು! ಈಗ ಕಾಳು ಉಸಲಿಯಾಗುತ್ತದೆ. ಒಂದೆಲಗದ ತಂಬುಳಿ ರುಚಿ, ತಂಪು, ಎಲ್ಲ ಸರಿ. ಆದರೆ ಅದರಲ್ಲೇ ಒಂದು ತಟ್ಟೆ ಅನ್ನ ಇಳಿಸಿದರೆ ಊಟದಲ್ಲಿ ಪ್ರೋಟೀನ್ ಇದ್ದೂ ಇಲ್ಲದ ಹಾಗೆ. ಇನ್ನು ಜೋನಿ ಬೆಲ್ಲ. ಅದು ಸಕ್ಕರೆ ಅಲ್ಲ ಅಂತ ನಾಲಿಗೆ ಹೇಳಬಹುದು, ರಕ್ತ ಒಪ್ಪುವುದಿಲ್ಲ.

ವ್ಯಾಯಾಮದ ಮಾತು ಬಂದರೆ ಎಲ್ಲರದ್ದೂ ಒಂದೇ ಉತ್ತರ, "ದಿನಾ ತೋಟಕ್ಕೆ ಹೋಗಿ ಬರ್ತೀವಲ್ಲ." ಹೌದು, ಸ್ಕೂಟಿಯಲ್ಲಿ. ಒಂದು ಪರೀಕ್ಷೆ ಮಾಡಿ ನೋಡಿ: ಮಣೆ ಮೇಲೆ ಕೂತು, ನೆಲಕ್ಕೆ ಕೈ ಊರದೆ ಏಳಲು ಆಗುತ್ತದಾ? ಆಗದಿದ್ದರೆ ತೊಡೆಯ ಸ್ನಾಯು ಸೋತಿದೆ. ಕುರ್ಚಿಯಿಂದ ಕೈ ಕಟ್ಟಿಕೊಂಡು ಹತ್ತು ಸಲ ಎದ್ದು ಕೂರುವುದರಿಂದ ಶುರು ಮಾಡಿ. ಮಂಡಿ ನೋವಿದ್ದರೆ ಎತ್ತರದ ಕುರ್ಚಿ ಆರಿಸಿ. ವಾರಕ್ಕೆ ಎರಡು ದಿನವಾದರೂ ಭಾರದ ಕೆಲಸ ಇರಬೇಕು. ಮಳೆಗಾಲದ ಮೂರು ನಾಲ್ಕು ತಿಂಗಳು ಹೊರಗೆ ನಡೆಯುವುದು ಕಷ್ಟವೇ, ಅಟ್ಟದ ಮೆಟ್ಟಿಲು ಎಲ್ಲಿಗೂ ಹೋಗಿಲ್ಲ. ಮೂಳೆ ಸವೆದವರಿಗೆ ನಮ್ಮ ಪಾಚಿ ಅಂಗಳವೇ ದೊಡ್ಡ ಶತ್ರು. ಅಡಿಕೆ ದಬ್ಬೆ ಹಾಸಿಕೊಳ್ಳಿ. ಕಾಲಲ್ಲಿ ಬಲ ಇದ್ದರೆ ಜಾರಿದರೂ ಸಾವರಿಸಿಕೊಳ್ಳಬಹುದು.

ಈಗ ಸೂಜಿ. ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಅನ್ನುವ ಎರಡು ಔಷಧ. ವಾರಕ್ಕೊಮ್ಮೆ ಹೊಟ್ಟೆಯ ಚರ್ಮಕ್ಕೆ ಚುಚ್ಚಿಕೊಳ್ಳುವುದು. ಇವೂ ಹಾರ್ಮೋನಿನ ನಕಲೇ, ಆದರೆ ಊಟ ಆದಾಗ ಕರುಳು ಹೊರಡಿಸುವ ಹಾರ್ಮೋನಿನದ್ದು. ಹೊಟ್ಟೆ ತುಂಬಿತು ಅಂತ ಮೆದುಳಿಗೆ ಹೇಳುತ್ತವೆ, ಹೊಟ್ಟೆ ಖಾಲಿಯಾಗುವುದನ್ನು ನಿಧಾನ ಮಾಡುತ್ತವೆ. ಪರಿಣಾಮ ನಿಜಕ್ಕೂ ದೊಡ್ಡದು. ಪರೀಕ್ಷೆಗಳಲ್ಲಿ ಸೆಮಾಗ್ಲುಟೈಡಿನಿಂದ 68 ವಾರಕ್ಕೆ ಸರಾಸರಿ 15%ರಷ್ಟು, ಟಿರ್ಜೆಪಟೈಡಿನ ದೊಡ್ಡ ಡೋಸಿನಲ್ಲಿ 72 ವಾರಕ್ಕೆ 20%ರಷ್ಟು ತೂಕ ಇಳಿದಿದೆ. ಊಟದ ಕಟ್ಟುಪಾಡು ಎಲ್ಲರಿಗೂ ಇಷ್ಟು ಕೊಡುವುದಿಲ್ಲ, ಅದನ್ನು ಒಪ್ಪಿಕೊಳ್ಳಬೇಕು. "ಬಾಯಿ ಕಟ್ಟಲಾಗದವರು ಚುಚ್ಚಿಸಿಕೊಳ್ತಾರೆ" ಅನ್ನುವ ಕುಹಕ ನನಗೆ ಸೇರುವುದಿಲ್ಲ. ಬಿಪಿಗೆ ಮಾತ್ರೆ ನುಂಗುವವರನ್ನು ಹಾಗೆ ಅಂತೀವಾ?

ತಕ್ಕಡಿಯ ಇನ್ನೊಂದು ಕಡೆ ಇದೆ. ವಾಕರಿಕೆ, ವಾಂತಿ, ಮಲಬದ್ಧತೆ ಸಾಮಾನ್ಯ. ಪಿತ್ತಕೋಶದ ಕಲ್ಲು, ಅಪರೂಪಕ್ಕೆ ಮೇದೋಜೀರಕ ಗ್ರಂಥಿಯ ಉರಿಯೂತ. ಮನೆತನದಲ್ಲಿ ಮೆಡುಲ್ಲರಿ ಅನ್ನುವ ಥೈರಾಯ್ಡ್ ಕ್ಯಾನ್ಸರ್ ಇದ್ದರೆ ಕೂಡದು. ಇಳಿಯುವ ತೂಕದಲ್ಲಿ ಕಾಲು ಭಾಗ, ಕೆಲವರಲ್ಲಿ ಅದಕ್ಕೂ ಹೆಚ್ಚು, ಕೊಬ್ಬಲ್ಲದ ಮೈ. ಅಂದರೆ ಮೊದಲೇ ಸೋತ ಸ್ನಾಯು ಇನ್ನಷ್ಟು ಸೋಲುತ್ತದೆ. ಐವತ್ತೈದು ದಾಟಿದವರಿಗೆ ಇದು ಸಣ್ಣ ಮಾತಲ್ಲ. ಹಾಗಾಗಿ ಇಂಜೆಕ್ಷನ್ ತಗೊಂಡರೂ ಮಣೆಯಿಂದ ಏಳುವುದು, ಹುರುಳಿ ಉಸಲಿ ತಪ್ಪುವುದಿಲ್ಲ. ನಿಲ್ಲಿಸಿದರೆ? ಸೆಮಾಗ್ಲುಟೈಡ್ ನಿಲ್ಲಿಸಿದವರನ್ನು ಒಂದು ವರ್ಷ ಗಮನಿಸಿದಾಗ, ಇಳಿದಿದ್ದರಲ್ಲಿ ಮೂರನೇ ಎರಡು ಪಾಲು ವಾಪಸ್ ಬಂದಿತ್ತು.

ದುಡ್ಡಿನ ಲೆಕ್ಕ. 2025ರ ಮಾರ್ಚಿನಲ್ಲಿ ಮೌಂಜಾರೋ, ಅಂದರೆ ಟಿರ್ಜೆಪಟೈಡ್, ಭಾರತಕ್ಕೆ ಬಂದಾಗ 2.5 ಮಿಲಿಗ್ರಾಂ ಸೀಸೆಗೆ 3,500 ರೂಪಾಯಿ, 5 ಮಿಲಿಗ್ರಾಂಗೆ 4,375. ವಾರಕ್ಕೊಂದು ಬೇಕು. ತಿಂಗಳಿಗೆ 14,000ದಿಂದ 17,500 ಆಯಿತು. ಸೆಮಾಗ್ಲುಟೈಡಿನ ಪೇಟೆಂಟ್ ಇಲ್ಲಿ 2026ರ ಮಾರ್ಚ್‌ವರೆಗೆ ಮಾತ್ರ ಇದ್ದದ್ದು, ಆಮೇಲೆ ನಮ್ಮ ದೇಶದ ಕಂಪನಿಗಳಿಗೂ ದಾರಿ ತೆರೆದಿದೆ. ಹಾಗಾಗಿ ಹಳೇ ದರ ನಂಬದೆ ಇವತ್ತಿನದ್ದು ಕೇಳಿ. ಕೇಳುವಾಗ ಒಂದು ತಿಂಗಳದ್ದಲ್ಲ, ಎರಡು ವರ್ಷದ್ದು ಗುಣಿಸಿ ನೋಡಿ.

ನಮ್ಮ ಕಡೆಯವರಿಗೆ ಇನ್ನೊಂದು ಪ್ರಶ್ನೆ ಇದೆ, ಕರೆಂಟು. ಈ ಔಷಧ 2ರಿಂದ 8 ಡಿಗ್ರಿಯಲ್ಲಿ ಫ್ರಿಜ್ಜಿನಲ್ಲಿರಬೇಕು. ಆಗುಂಬೆ ಕಡೆ ಆಷಾಢದ ಮಳೆಗೆ ಮರ ಬಿದ್ದು ಲೈನು ಹೋದರೆ ಎರಡು ಮೂರು ದಿನ ಬರುವುದಿಲ್ಲ. ಅದಕ್ಕೆ ಹೆದರಬೇಕಿಲ್ಲ. 30 ಡಿಗ್ರಿ ಒಳಗಿದ್ದರೆ ಸುಮಾರು ಮೂರು ವಾರ ಹೊರಗಿದ್ದರೂ ತಡೆಯುತ್ತದೆ, ನಿಖರ ಲೆಕ್ಕ ಆಯಾ ಪೆಟ್ಟಿಗೆ ಮೇಲಿರುತ್ತದೆ. ಫ್ರೀಜರಿನಲ್ಲಿಟ್ಟು ಗಟ್ಟಿಯಾದರೆ ಮಾತ್ರ ಎಸೆಯುವುದೇ. ಇಲ್ಲಿಯ ಚಳಿಗಾಲಕ್ಕಿಂತ ನಿಮ್ಮ ಹಳೇ ಫ್ರಿಜ್ಜಿನ ಹಿಂಬದಿ ಅಪಾಯ.

ಕೊಬ್ಬು ಹೀರದಂತೆ ತಡೆಯುವ ಆರ್ಲಿಸ್ಟಾಟ್ ಮಾತ್ರೆ ಹಳೆಯದು. ಇಳಿಕೆ ಸ್ವಲ್ಪ, ಎಣ್ಣೆ ಎಣ್ಣೆಯಾಗಿ ಹೊರಗೆ ಹೋಗುವ ಮುಜುಗರ ಜಾಸ್ತಿ. ಹೊಟ್ಟೆಯ ಆಪರೇಷನ್ ಬಿಎಂಐ ತುಂಬಾ ಮೇಲಿರುವವರಿಗೆ, ಅದು ಬೇರೆಯೇ ಕಥೆ.

ಗಂಡಸರ "ಟೆಸ್ಟೋ" ಪ್ಯಾಕೇಜು

ನಮ್ಮನೆಯವರಿಗೆ 57. ಸುಸ್ತು, ಹೊಟ್ಟೆ, ಮೊದಲಿನ ಉತ್ಸಾಹ ಇಲ್ಲ. ಮಗಳ ಮನೆಗೆ ಬೆಂಗಳೂರಿಗೆ ಹೋದಾಗ ಯಾರೋ ಹೇಳಿದರು ಅಂತ ಒಂದು "ಯೌವನ ಮರಳಿಸುವ" ಕ್ಲಿನಿಕ್ಕಿಗೆ ಹೋದರು. ಸಂಜೆ ಐದಕ್ಕೆ, ಕಾಫಿ ಬಿಸ್ಕೆಟ್ ಆದ ಮೇಲೆ ರಕ್ತ ತೆಗೆದರು. ಗಂಡು ಹಾರ್ಮೋನ್ ಟೆಸ್ಟೋಸ್ಟಿರಾನ್ ಕಡಿಮೆ ಅಂತ ಹೇಳಿ ಆರು ತಿಂಗಳ ಪ್ಯಾಕೇಜಿಗೆ ಮುಂಗಡ ಕಟ್ಟಿಸಿಕೊಂಡರು. ಅಡಿಕೆ ಮಾರಿದ ದುಡ್ಡು ಹಾಗೆ ಹೋಯಿತು. ಕೇಳಿದರೆ ವಾಪಸ್ ಕೊಡುವ ನಿಯಮ ಇಲ್ಲ ಅಂದರು.

ಸರಿಯಾದ ಕ್ರಮ ಏನು ಅಂತ ಆಮೇಲೆ ಕಲಿತೆವು. ಟೆಸ್ಟೋಸ್ಟಿರಾನ್ ಬೆಳಗ್ಗೆ ಜಾಸ್ತಿ, ಸಂಜೆ ಕಡಿಮೆ. ಹಾಗಾಗಿ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ, ಎರಡು ಬೇರೆ ಬೇರೆ ದಿನ ಪರೀಕ್ಷೆ ಮಾಡಬೇಕು. ಎರಡೂ ಸಲ ಡೆಸಿಲೀಟರ್ ರಕ್ತಕ್ಕೆ 300 ನ್ಯಾನೋಗ್ರಾಂಗಿಂತ ಕಡಿಮೆ ಇದ್ದು, ಲಕ್ಷಣವೂ ಇದ್ದರೆ ಮಾತ್ರ ಚಿಕಿತ್ಸೆಯ ಯೋಚನೆ. ನಮ್ಮನೆಯವರದ್ದು ಬೆಳಗ್ಗೆ ಎರಡು ಸಲವೂ ಅದಕ್ಕಿಂತ ಆರಾಮಾಗಿ ಮೇಲಿತ್ತು.

ಹೊಟ್ಟೆಯ ಬೊಜ್ಜೇ ಟೆಸ್ಟೋಸ್ಟಿರಾನ್ ಇಳಿಸುತ್ತದೆ, ತೂಕ ಇಳಿದರೆ ಅದು ತಾನಾಗೇ ಸ್ವಲ್ಪ ಏರುತ್ತದೆ. ಹೀಗಾಗಿ ಗಂಡಸರಿಗೆ ತೂಕದ ಕೆಲಸ ಮೊದಲು, ಹಾರ್ಮೋನ್ ಆಮೇಲೆ. ನಿಜವಾಗಿಯೂ ಬೇಕಾದವರಿಗೆ ಅದು ಒಳ್ಳೆಯ ಔಷಧವೇ. 2023ರಲ್ಲಿ ಪ್ರಕಟವಾದ ಟ್ರಾವರ್ಸ್ ಅನ್ನುವ ದೊಡ್ಡ ಅಧ್ಯಯನದಲ್ಲಿ ಹೃದಯಾಘಾತ, ಪಾರ್ಶ್ವವಾಯು ಹೆಚ್ಚಾಗಲಿಲ್ಲ. ಆದರೆ ಎದೆಬಡಿತ ಏರುಪೇರಾಗುವುದು, ಶ್ವಾಸಕೋಶದಲ್ಲಿ ಹೆಪ್ಪುಗಟ್ಟುವುದು ಸ್ವಲ್ಪ ಜಾಸ್ತಿ ಕಂಡಿತು. ರಕ್ತ ಮಂದವಾಗುವುದರಿಂದ ಆಗಾಗ ಪರೀಕ್ಷೆ ಬೇಕು, ಪ್ರಾಸ್ಟೇಟಿಗೆ ಪಿಎಸ್‌ಎ ಅನ್ನುವ ರಕ್ತಪರೀಕ್ಷೆ ನೋಡಬೇಕು. ಇನ್ನೂ ಮಕ್ಕಳು ಬೇಕು ಅನ್ನುವ ವಯಸ್ಸಿನವರಿಗಂತೂ ಇದು ಬೇಡ, ವೀರ್ಯಾಣು ಹುಟ್ಟುವುದನ್ನೇ ನಿಲ್ಲಿಸುತ್ತದೆ. ಜಿಮ್ಮಿನ ಹುಡುಗರಿಗೆ ಇದನ್ನು ಯಾರೂ ಹೇಳುವುದಿಲ್ಲ.

ಅದೇ ಕ್ಲಿನಿಕ್ಕಿನ ಪಟ್ಟಿಯಲ್ಲಿ ಗ್ರೋತ್ ಹಾರ್ಮೋನ್ ಕೂಡ ಇತ್ತು. ವಯಸ್ಸು ತಡೆಯಲು ಅಂತ ಅದನ್ನು ಕೊಡಲು ಒಪ್ಪಿಗೆಯೇ ಇಲ್ಲ. ಕೈಕಾಲು ಬಾವು, ಕೀಲು ನೋವು, ಸಕ್ಕರೆ ಏರುವುದು ಅದರ ಬಳುವಳಿ. ಚರ್ಮದ ಕೆಳಗೆ ಹೂಳುವ ಹಾರ್ಮೋನ್ ಕಾಳುಗಳಿಗೂ ದೂರದಿಂದಲೇ ನಮಸ್ಕಾರ, ಡೋಸ್ ಜಾಸ್ತಿಯಾದರೆ ತೆಗೆಯುವುದು ಸುಲಭವಲ್ಲ. ಅಶ್ವಗಂಧ ನೈಸರ್ಗಿಕ ಅಂತ ಡಬ್ಬಿಗಟ್ಟಲೆ ತಿನ್ನುವವರಿಗೂ ಒಂದು ಮಾತು: ಅದರಿಂದ ಲಿವರ್ ಕೆಟ್ಟ ಪ್ರಕರಣಗಳಿವೆ.

ಹಾಗಾದರೆ ಯಾರು ಏನು?

ರಾತ್ರಿ ಬೆವರು, ನಿದ್ದೆ ಇಲ್ಲ, ತೂಕ ಸುಮಾರಾಗಿ ಸರಿ ಇದೆ ಅಂದರೆ ಹಾರ್ಮೋನ್ ಬಗ್ಗೆ ಕೇಳಿ. ಬೆವರಿಲ್ಲ, ತೂಕ ಮತ್ತು ಸಕ್ಕರೆ ಮಾತ್ರ ಅಂದರೆ ಊಟ, ಸ್ನಾಯು ಮೊದಲು. ಮೂರರಿಂದ ಆರು ತಿಂಗಳು ಮನಸ್ಸಿಟ್ಟು ಮಾಡಿಯೂ ಇಳಿಯದಿದ್ದರೆ, ಬಿಎಂಐ 30 ದಾಟಿದ್ದರೆ, ಅಥವಾ 27 ದಾಟಿ ಜೊತೆಗೆ ಬಿಪಿ, ಸಕ್ಕರೆ ಇದ್ದರೆ ಇಂಜೆಕ್ಷನ್ ಮಾತು ಎತ್ತಬಹುದು. ಎರಡೂ ತೊಂದರೆ ಇರುವವರು ಎರಡನ್ನೂ ತೆಗೆದುಕೊಳ್ಳಬಹುದು, ಒಂದಕ್ಕೊಂದು ಶತ್ರುವಲ್ಲ. ಆದರೆ ಟಿರ್ಜೆಪಟೈಡ್ ಹೊಟ್ಟೆಯನ್ನು ನಿಧಾನ ಮಾಡುವುದರಿಂದ ಬಾಯಿಂದ ನುಂಗುವ ಹಾರ್ಮೋನ್ ಮಾತ್ರೆ ಸರಿಯಾಗಿ ಹಿಡಿಯದೆ ಹೋಗಬಹುದು. ಇಬ್ಬರು ಡಾಕ್ಟರು ಇದ್ದರೆ ಇಬ್ಬರಿಗೂ ಎರಡು ಚೀಟಿಯನ್ನೂ ತೋರಿಸಿ. 65 ದಾಟಿ, ಹಾರ್ಮೋನ್ ಯಾವತ್ತೂ ತೆಗೆದುಕೊಂಡಿಲ್ಲದವರು ಈಗ ಹೊಸದಾಗಿ ಶುರು ಮಾಡುವುದು ಬೇಡ. ಅವರಿಗೆ ಮೂಳೆಯ ಡೆಕ್ಸಾ ಸ್ಕ್ಯಾನ್ ಹೆಚ್ಚು ಉಪಯೋಗ. ಅದರಲ್ಲಿ ಟಿ-ಸ್ಕೋರ್, ಅಂದರೆ ಮೂಳೆಯ ಗಟ್ಟಿತನದ ಅಂಕ, ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಮೂಳೆಗೇ ಬೇರೆ ಔಷಧ ಇದೆ.

ಇದಕ್ಕೆಲ್ಲ ಬೆಂಗಳೂರಿಗೋ ಮಣಿಪಾಲಕ್ಕೋ ಓಡಬೇಕಿಲ್ಲ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಸ್ತ್ರೀರೋಗ ವಿಭಾಗದಲ್ಲಿ ಕೇಳಬಹುದು, ಮೆಡಿಕಲ್ ಕಾಲೇಜಿನ ಆಸ್ಪತ್ರೆ ಅದು. ಬೆಳಗ್ಗೆ ಬೇಗ ಹೋದರೆ ಸಾಲು ಕಡಿಮೆ. ಸರ್ಕಾರಿ ಬಸ್ಸಾದರೆ ಹೆಂಗಸರಿಗೆ ಟಿಕೆಟ್ಟಿಲ್ಲ, ನಮ್ಮ ಕಡೆ ಓಡುವುದರಲ್ಲಿ ಪ್ರೈವೇಟ್ ಬಸ್ಸೇ ಜಾಸ್ತಿ ಅನ್ನುವುದು ಬೇರೆ ಮಾತು. ಹೋಗುವ ಮೊದಲು ಒಂದು ಚೀಟಿಯಲ್ಲಿ ಬರೆದುಕೊಳ್ಳಿ: ಕೊನೇ ಮುಟ್ಟು ಯಾವ ತಿಂಗಳು, ರಾತ್ರಿ ಎಷ್ಟು ಸಲ ಬೆವರಿ ಏಳುತ್ತೀರಿ, ಗರ್ಭಕೋಶ ಅಂಡಾಶಯ ಇವೆಯೋ ಇಲ್ಲವೋ, ಮನೆತನದಲ್ಲಿ ಸ್ತನ ಕ್ಯಾನ್ಸರ್ ಯಾರಿಗಿತ್ತು, ಸೊಂಟ ಎಷ್ಟು ಸೆಂಟಿಮೀಟರ್. ಡಾಕ್ಟರ ಮುಂದೆ ಕೂತಾಗ ನಮಗೆ ಅರ್ಧ ಮರೆತುಹೋಗುತ್ತದೆ, ಇನ್ನರ್ಧಕ್ಕೆ ನಾಚಿಕೆ.

ನಾನು ಜೆಲ್ ಶುರು ಮಾಡಿ ನಾಲ್ಕು ತಿಂಗಳಾಯಿತು. ತೂಕ ಅರ್ಧ ಕೆಜಿಯೂ ಇಳಿದಿಲ್ಲ, ರಾತ್ರಿ ಮಾತ್ರ ಒಂದೇ ನಿದ್ದೆ. ಅಕ್ಕ ಸದ್ಯಕ್ಕೆ ಸೂಜಿ ಬೇಡ ಅಂತ ಡಾಕ್ಟರ ಹತ್ತಿರ ಆರು ತಿಂಗಳ ಸಮಯ ಕೇಳಿಕೊಂಡಿದ್ದಾರೆ. ಈವರೆಗೆ ಮೂರೂವರೆ ಕೆಜಿ ಇಳಿದಿದೆ, ಸೊಂಟ ನಾಲ್ಕು ಸೆಂಟಿಮೀಟರ್. ಎಚ್‌ಬಿಎ1ಸಿ ಹಿಂದಿನ ಮೂರು ತಿಂಗಳ ಸಕ್ಕರೆಯ ಲೆಕ್ಕ ಹೇಳುತ್ತದೆ. ಹಾಗಾಗಿ ಗೌರಿ ಗಣೇಶ ಹಬ್ಬಕ್ಕೆ ಮೊದಲೇ ಮಾಡಿಸಿಬಿಡೋಣ ಅಂತ ಅವರು. ಹಬ್ಬದ ಕಡುಬು ತಿಂದಾದ ಮೇಲೆ ಮಾಡಿಸೋಣ ಅಂತ ನಾನು.